ಎಎಂಎಚ್ 0.7, ಕೈಯಲ್ಲೊಂದು ಎಕ್ಸೋಸೋಮ್ ಬ್ರೋಷರ್: ಒಂದು ಪ್ರಕರಣ

ಇದು ಒಬ್ಬರದೇ ಫೈಲ್ ಅಲ್ಲ. ಐವಿಎಫ್ ಲ್ಯಾಬಿನಲ್ಲಿ ಕೆಲಸ ಮಾಡುವ ನಮ್ಮಂಥವರ ಮುಂದೆ ಪದೇ ಪದೇ ಬರುವ ಒಂದು ಸನ್ನಿವೇಶವನ್ನು, ಯಾರ ಗುರುತೂ ಸಿಗದ ಹಾಗೆ, ಹಲವು ಫೈಲುಗಳಿಂದ ಸೇರಿಸಿ ಬರೆದಿದ್ದೇನೆ. ನಾನು ಎಂಬ್ರಿಯಾಲಜಿಸ್ಟ್. ಡಾಕ್ಟರು ಮೊಟ್ಟೆ ತೆಗೆದುಕೊಡುತ್ತಾರೆ, ಅದನ್ನು ಹುಡುಕಿ, ವೀರ್ಯದ ಜೊತೆ ಸೇರಿಸಿ, ಭ್ರೂಣ ಬೆಳೆಸೋದು ನನ್ನ ಕೆಲಸ. ಹಾಗಾಗಿ ಈ ಪ್ರಕರಣವನ್ನು ಲ್ಯಾಬಿನ ಕಡೆಯಿಂದ ನೋಡಿದ್ದೇ ಜಾಸ್ತಿ.

ಆಕೆಗೆ 35 ವರ್ಷ. ಮಲೆನಾಡಿನ ಒಂದು ಪಟ್ಟಣದಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. ಮದುವೆಯಾಗಿ ಏಳು ವರ್ಷ. ಗಂಡನ ವೀರ್ಯ ಪರೀಕ್ಷೆಯಲ್ಲಿ ತೊಂದರೆಯಿಲ್ಲ. ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತದೆ. 31ನೇ ವಯಸ್ಸಿನಲ್ಲಿ ಎಡ ಅಂಡಾಶಯದಲ್ಲಿ ದೊಡ್ಡ ಚಾಕೊಲೇಟ್ ಸಿಸ್ಟ್ ಇತ್ತು. ಎಂಡೋಮೆಟ್ರಿಯೋಸಿಸ್‌ನಿಂದ ಆಗುವ ಗಂಟು ಅದು. ಎಂಡೋಮೆಟ್ರಿಯೋಸಿಸ್ ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ. ಲ್ಯಾಪರೋಸ್ಕೋಪಿ ಮಾಡಿ ತೆಗೆದಿದ್ದರು. ಆಮೇಲೆ ನೋವು ಹೋಯಿತು, ಮಗು ಮಾತ್ರ ಆಗಲಿಲ್ಲ.

ನಮ್ಮಲ್ಲಿಗೆ ಬರುವ ಹೊತ್ತಿಗೆ ಎಎಂಎಚ್ (ಅಂಡಾಶಯದಲ್ಲಿ ಎಷ್ಟು ಮೊಟ್ಟೆ ಉಳಿದಿವೆ ಅಂತ ಅಂದಾಜು ಕೊಡುವ ರಕ್ತಪರೀಕ್ಷೆ) 0.7 ಇತ್ತು, ಅಂದರೆ ಕಡಿಮೆ. ಸ್ಕ್ಯಾನ್‌ನಲ್ಲಿ ಬಲಗಡೆ ನಾಲ್ಕು ಸಣ್ಣ ಫಾಲಿಕಲ್ (ಮೊಟ್ಟೆ ಬೆಳೆಯುವ ಚೀಲ), ಎಡಗಡೆ ಒಂದೇ ಒಂದು. ಬೇರೆ ಕಡೆ ಒಂದು ಐವಿಎಫ್ ಸೈಕಲ್ ಆಗಿತ್ತು. ಮೂರು ಮೊಟ್ಟೆ ಸಿಕ್ಕಿದ್ದವು. ಎರಡು ಮಾತ್ರ ಪಕ್ವವಾಗಿದ್ದವು, ಒಂದು ಭ್ರೂಣವಾಯಿತು, ನಿಲ್ಲಲಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಡೋನರ್ ಎಗ್ ಬಗ್ಗೆ ಯೋಚಿಸಿ' ಅಂತ ಬರೆದಿತ್ತು. ಆ ಒಂದು ಸಾಲು ಓದಿ ಆಕೆ ಎಷ್ಟೋ ದಿನ ಅತ್ತಿದ್ದರಂತೆ.

ಅಷ್ಟರಲ್ಲಿ ಇನ್ನೊಂದು ಕ್ಲಿನಿಕ್‌ನಿಂದ ಬ್ರೋಷರ್ ಬಂದಿತ್ತು. ಹೊಕ್ಕುಳಬಳ್ಳಿಯ ಸ್ಟೆಮ್ ಸೆಲ್‌ಗಳಿಂದ ತೆಗೆದ ಎಕ್ಸೋಸೋಮ್‌ಗಳನ್ನು (ಜೀವಕೋಶಗಳು ಹೊರಬಿಡುವ ಅತಿ ಸಣ್ಣ ಗುಳ್ಳೆಗಳು) ಅಂಡಾಶಯಕ್ಕೆ ಇಂಜೆಕ್ಷನ್ ಕೊಡುತ್ತಾರೆ, ಅಂಡಾಶಯ ಮತ್ತೆ 'ಯಂಗ್' ಆಗುತ್ತದೆ, ಎಎಂಎಚ್ ಏರುತ್ತದೆ ಅಂತ. ಖರ್ಚು ಒಂದು ಐವಿಎಫ್ ಸೈಕಲ್‌ಗೆ ಹತ್ತಿರಹತ್ತಿರ. ಬ್ರೋಷರಿನಲ್ಲಿ ಒಂದು ಗ್ರಾಫ್ ಇತ್ತು. ಅದು ಯಾವುದೋ ಪೇಪರಿನಿಂದ ತೆಗೆದದ್ದೇ. ಆದರೆ ಅದು ಇಲಿಯ ಅಂಡಾಶಯದ ಗ್ರಾಫ್. 'ಇಲಿ' ಅನ್ನೋ ಪದ ಮಾತ್ರ ಎಲ್ಲೂ ಇರಲಿಲ್ಲ. ಇದು ಬೇಡ ಅಂತ ನಾವು ಹೇಳಿದೆವು.

"ಮೇಡಂ, ನಾನೂ ಸೈನ್ಸ್ ಟೀಚರೇ. ಎಕ್ಸೋಸೋಮ್ ಅನ್ನೋದು ಸುಳ್ಳಲ್ಲ ಅಂತ ನಂಗೊತ್ತು. ನೆಟ್‌ನಲ್ಲಿ ಓದಿದೆ. ಮತ್ತೆ ಯಾಕೆ ಬೇಡ ಅಂತೀರಾ?" ಅಂದರು.

ಒಳ್ಳೆಯ ಪ್ರಶ್ನೆ. ಇದೆಲ್ಲ ಬರೀ ಮೋಸ ಅಂತ ತಳ್ಳಿಹಾಕೋದು ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ಅಂಡಾಶಯದೊಳಗೆ ಎಕ್ಸೋಸೋಮ್‌ಗಳ ಕೆಲಸ ಇರೋದು ಹೌದು.

ಎಕ್ಸೋಸೋಮ್ ಅಂದರೆ ಜೀವಕೋಶ ತನ್ನೊಳಗೆ ಕಟ್ಟಿ ಹೊರಗೆ ಬಿಡುವ ಗುಳ್ಳೆ. ಸುತ್ತ ಕೊಬ್ಬಿನ ಪೊರೆ, ಒಳಗೆ ಪ್ರೋಟೀನ್, ಆರ್‌ಎನ್‌ಎ. ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣೋದೇ ಇಲ್ಲ. 1983ರಲ್ಲಿ ಎರಡು ಕಡೆ ಇದರ ಹುಟ್ಟನ್ನು ಕಂಡರು. ಸೇಂಟ್ ಲೂಯಿಸ್‌ನಲ್ಲಿ ಇಲಿಯ ಎಳೆಯ ಕೆಂಪು ರಕ್ತಕಣಗಳಲ್ಲಿ, ಮಾಂಟ್ರಿಯಲ್‌ನಲ್ಲಿ ರೋಸ್ ಜಾನ್‌ಸ್ಟೋನ್ ಅವರ ತಂಡ ಕುರಿಯ ರಕ್ತಕಣಗಳಲ್ಲಿ. ಆಗೆಲ್ಲ ಇದನ್ನು ಜೀವಕೋಶ ಕಸ ಹೊರಹಾಕುವ ದಾರಿ ಅಂತಲೇ ತಿಳಿದಿದ್ದರು. 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ತಂಡ, ಈ ಗುಳ್ಳೆಗಳ ಮೂಲಕ ಒಂದು ಜೀವಕೋಶದ ಆರ್‌ಎನ್‌ಎ ಇನ್ನೊಂದಕ್ಕೆ ಹೋಗಿ ಅಲ್ಲಿ ಕೆಲಸ ಮಾಡುತ್ತದೆ ಅಂತ ತೋರಿಸಿದ ಮೇಲೆ ಇಡೀ ಕ್ಷೇತ್ರಕ್ಕೆ ಜೀವ ಬಂತು.

ಈಗ ಅಂಡಾಶಯಕ್ಕೆ ಬರೋಣ. ಮೊಟ್ಟೆ ಬೆಳೆಯೋದು ಫಾಲಿಕಲ್ ಅನ್ನುವ ನೀರು ತುಂಬಿದ ಚೀಲದಲ್ಲಿ. ರಕ್ತನಾಳಗಳು ಫಾಲಿಕಲ್‌ನ ಹೊರಗೋಡೆವರೆಗೆ ಬಂದು ನಿಂತುಬಿಡುತ್ತವೆ. ಒಳಗೆ ಮೊಟ್ಟೆಯನ್ನು ಸುತ್ತುವರಿದು ಸಾಕುವ ಗ್ರಾನ್ಯುಲೋಸಾ ಜೀವಕೋಶಗಳಿಗೂ ರಕ್ತನಾಳ ಇಲ್ಲ, ಮೊಟ್ಟೆಗೂ ಇಲ್ಲ. ಮೊಟ್ಟೆಯ ಸುತ್ತ ಇನ್ನೊಂದು ದಪ್ಪ ಪದರ ಬೇರೆ. ಹಾಗಾದರೆ ಊಟ, ಸುದ್ದಿ ಎರಡೂ ಹೇಗೆ ತಲುಪಬೇಕು? ಗ್ರಾನ್ಯುಲೋಸಾ ಜೀವಕೋಶಗಳು ಆ ಪದರದ ಮೂಲಕ ಸಣ್ಣ ಬೆರಳುಗಳನ್ನು ಚಾಚಿ ಮೊಟ್ಟೆಯನ್ನು ಮುಟ್ಟಿಕೊಂಡಿರುತ್ತವೆ. ಅದು ಒಂದು ದಾರಿ. ಹಾರ್ಮೋನುಗಳು ಇನ್ನೊಂದು. ಫಾಲಿಕಲ್ ನೀರಿನಲ್ಲಿ ತೇಲುವ ಎಕ್ಸೋಸೋಮ್‌ಗಳು ಮೂರನೆಯದು.

ಈ ಮೂರನೆಯದು ಮೊದಲು ಸರಿಯಾಗಿ ಗೊತ್ತಾಗಿದ್ದು ಕುದುರೆಯಲ್ಲಿ. 2012ರಲ್ಲಿ ಅಮೆರಿಕದ ಕೊಲೊರಾಡೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಜೂಲಿಯಾನೋ ಡ ಸಿಲ್ವೇರಾ, ಗೆರಿಟ್ ಬೌಮಾ ಮತ್ತಿತರರು ಹೆಣ್ಣು ಕುದುರೆಗಳ ಫಾಲಿಕಲ್ ನೀರಿನಿಂದ ಈ ಗುಳ್ಳೆಗಳನ್ನು ಬೇರ್ಪಡಿಸಿದರು. ಒಳಗೆ ಮೈಕ್ರೋ ಆರ್‌ಎನ್‌ಎ (ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕುಗಳು) ಮತ್ತು ಪ್ರೋಟೀನ್ ಇದ್ದವು. ಹೊಳೆಯುವ ಬಣ್ಣ ಹಚ್ಚಿ ಬಿಟ್ಟರೆ ಗ್ರಾನ್ಯುಲೋಸಾ ಜೀವಕೋಶಗಳು ಅವನ್ನು ಒಳಗೆ ಎಳೆದುಕೊಂಡವು. ಕುದುರೆ ಯಾಕೆ ಅಂತ ಕೇಳಬಹುದು. ಕುದುರೆಯ ಫಾಲಿಕಲ್ ದೊಡ್ಡದು, ನೀರು ಜಾಸ್ತಿ ಸಿಗುತ್ತದೆ. ಜೊತೆಗೆ ವಯಸ್ಸಾದ ಹೆಣ್ಣು ಕುದುರೆಗೂ ಹೆಂಗಸರ ಹಾಗೆಯೇ ಮೊಟ್ಟೆಯ ಗುಣಮಟ್ಟ ಇಳಿಯುತ್ತದೆ.

ಆಮೇಲೆ ಹಸುವಿನಲ್ಲಿ ತುಂಬಾ ಕೆಲಸ ನಡೆಯಿತು. ಈ ಪ್ರಕರಣಕ್ಕೆ ನೇರವಾಗಿ ಬೇಕಾದ ಸಂಗತಿ ಸಿಕ್ಕಿದ್ದು ಅಲ್ಲೇ. ಸಣ್ಣ ಫಾಲಿಕಲ್‌ನ ನೀರಿನಿಂದ ತೆಗೆದ ಗುಳ್ಳೆಗಳನ್ನು ಕೊಟ್ಟರೆ ಗ್ರಾನ್ಯುಲೋಸಾ ಜೀವಕೋಶಗಳು ಚೆನ್ನಾಗಿ ವೃದ್ಧಿಯಾದವು. ದೊಡ್ಡ ಫಾಲಿಕಲ್‌ನಿಂದ ತೆಗೆದವನ್ನು ಕೊಟ್ಟರೆ ಅಷ್ಟು ಪರಿಣಾಮ ಇರಲಿಲ್ಲ. ಎರಡೂ ಹಸುವಿನ ಅಂಡಾಶಯದ್ದೇ ನೀರು, ಆದರೂ ಹೀಗೆ. ಫಾಲಿಕಲ್ ಯಾವ ಹಂತದಲ್ಲಿದೆಯೋ ಅದಕ್ಕೆ ತಕ್ಕ ಹಾಗೆ ಒಳಗಿನ ಸರಕು ಬದಲಾಗುತ್ತದೆ. ಬೆಳೆಯುವ ದಿನಗಳಲ್ಲಿ 'ಬೆಳಿ' ಅನ್ನಬೇಕು, ಕೊನೆಯಲ್ಲಿ 'ನಿಲ್ಲು, ಈಗ ಪಕ್ವವಾಗು' ಅನ್ನಬೇಕು. ಎರಡನ್ನೂ ಒಂದೇ ಗುಳ್ಳೆ ಹೇಳೋಕಾಗಲ್ಲ. ಹಾಗಿರುವಾಗ ಹೊರಗಿಂದ ಹಾಕುವ ಗುಳ್ಳೆ ಯಾವುದನ್ನು ಹೇಳುತ್ತದೆ?

ಮನುಷ್ಯರಲ್ಲೂ ನೋಡಿದ್ದಾರೆ. ಇಟಲಿಯ ಕಟಾನಿಯಾದಲ್ಲಿ, ಬೆಲ್ಜಿಯಂನ ಗೆಂಟ್‌ನಲ್ಲಿ, 2014ರ ಸುಮಾರಿಗೆ. ಚಿಕ್ಕ ವಯಸ್ಸಿನವರ ಫಾಲಿಕಲ್ ನೀರಿನಲ್ಲಿರುವ ಮೈಕ್ರೋ ಆರ್‌ಎನ್‌ಎಗೂ ವಯಸ್ಸಾದವರದಕ್ಕೂ ವ್ಯತ್ಯಾಸ ಕಂಡಿತು. ಪಿಸಿಓಎಸ್ (ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ) ಇದ್ದವರಲ್ಲೂ ಬೇರೆ ಥರ. ಇಲ್ಲಿ ಲ್ಯಾಬಿನವಳಾಗಿ ಒಂದು ಮಾತು ಸೇರಿಸಬೇಕು. ಎಗ್ ಪಿಕಪ್ ದಿನ, ಅಂದರೆ ಮೊಟ್ಟೆ ಹೊರತೆಗೆಯುವ ದಿನ, ಫಾಲಿಕಲ್ ನೀರು ನನ್ನ ಡಿಶ್‌ಗೆ ಬರುತ್ತದೆ. ಮೊಟ್ಟೆ ಎತ್ತಿಕೊಂಡ ಮೇಲೆ ಆ ನೀರು ಸೀದಾ ಬಯೋಮೆಡಿಕಲ್ ವೇಸ್ಟ್. ಮನುಷ್ಯರ ಫಾಲಿಕಲ್ ಎಕ್ಸೋಸೋಮ್ ಬಗ್ಗೆ ಗೊತ್ತಿರೋದೆಲ್ಲ ಬಹುಪಾಲು ಈ ಬಿಸಾಡುವ ನೀರಿನಿಂದಲೇ ಬಂದಿದ್ದು, ಒಪ್ಪಿಗೆ ಪಡೆದು ಎತ್ತಿಟ್ಟುಕೊಂಡದ್ದು. ಅಂದರೆ ಅದು ಹತ್ತು ಹನ್ನೆರಡು ದಿನ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಂಡ ಹೆಂಗಸರ, ಮೊಟ್ಟೆ ಬಿಡುಗಡೆಯ ಹೊಸ್ತಿಲಲ್ಲಿರುವ ಫಾಲಿಕಲ್‌ನ ನೀರು. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಸಣ್ಣ ಫಾಲಿಕಲ್‌ನಲ್ಲಿ ಏನು ನಡೆಯುತ್ತದೆ ಅಂತ ಹೆಂಗಸರಲ್ಲಿ ನೋಡಿದ್ದು ತೀರಾ ಕಡಿಮೆ.

ಅಂಡಾಶಯದಿಂದ ಹೊರಗೂ ಈ ಗುಳ್ಳೆಗಳಿವೆ. ಗರ್ಭನಾಳದ ಗುಳ್ಳೆಗಳಿಂದ ವೀರ್ಯಾಣುವಿಗೆ ಪ್ರೋಟೀನ್ ಹೋಗೋದು ಇಲಿಯಲ್ಲಿ ಕಂಡಿದೆ. ಗರ್ಭಕೋಶದ ಒಳಪದರ ಬಿಡುವ ಮೈಕ್ರೋ ಆರ್‌ಎನ್‌ಎಯನ್ನು ಭ್ರೂಣ ಹೀರಿಕೊಳ್ಳುತ್ತದೆ ಅಂತ ಸ್ಪೇನಿನ ತಂಡ 2015ರಲ್ಲಿ ತೋರಿಸಿದೆ. ಚೆಂದದ ವಿಷಯ, ಆದರೆ ಆಕೆಯ ಸಮಸ್ಯೆ ಅಲ್ಲಿರಲಿಲ್ಲ.

ಬ್ರೋಷರಿನ ಗ್ರಾಫಿಗೆ ಬರೋಣ. ಇಲಿಗಳ ಪ್ರಯೋಗ ಸಾಮಾನ್ಯವಾಗಿ ಹೀಗಿರುತ್ತದೆ. ಎಳೆಯ, ಆರೋಗ್ಯವಂತ ಇಲಿಗೆ ಸೈಕ್ಲೋಫಾಸ್ಫಮೈಡ್, ಬುಸಲ್ಫಾನ್, ಸಿಸ್ಪ್ಲಾಟಿನ್ ಥರದ ಕ್ಯಾನ್ಸರ್ ಔಷಧಿ ಕೊಡುತ್ತಾರೆ. ಅಂಡಾಶಯ ಹಾಳಾಗುತ್ತದೆ. ಆಮೇಲೆ ಸ್ಟೆಮ್ ಸೆಲ್ ಎಕ್ಸೋಸೋಮ್ ಕೊಡುತ್ತಾರೆ. ಕೆಲವು ವಾರ ಬಿಟ್ಟು ನೋಡಿದರೆ ಗ್ರಾನ್ಯುಲೋಸಾ ಜೀವಕೋಶಗಳ ಸಾವು ಕಡಿಮೆಯಾಗಿರುತ್ತದೆ, ಫಾಲಿಕಲ್ ಜಾಸ್ತಿ ಉಳಿದಿರುತ್ತವೆ, ಕೆಲವು ಇಲಿಗಳು ಮರಿಯನ್ನೂ ಹಾಕುತ್ತವೆ. ಯಾವ ಮೈಕ್ರೋ ಆರ್‌ಎನ್‌ಎ ಈ ಕೆಲಸ ಮಾಡಿತು ಅಂತಲೂ ಹುಡುಕಿದ್ದಾರೆ. ಇದೆಲ್ಲ ಗಂಭೀರ ಕೆಲಸವೇ. ಕೀಮೋ ಪಡೆಯುವ ಹುಡುಗಿಯರ ಅಂಡಾಶಯ ಉಳಿಸೋಕೆ ಮುಂದೆ ಇದರಿಂದ ಏನಾದರೂ ಸಿಗಬಹುದು ಅನ್ನೋ ಆಸೆ ನನಗೂ ಇದೆ.

ಆದರೆ ಆಕೆಯ ಅಂಡಾಶಯಕ್ಕೆ ಆಗಿದ್ದೇ ಬೇರೆ. ಚಾಕೊಲೇಟ್ ಸಿಸ್ಟ್‌ನ ಗೋಡೆ ಅಂಡಾಶಯಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಸುಲಿದು ತೆಗೆಯುವಾಗ ಅಂಡಾಶಯದ ಹೊರಪದರವೂ ಸ್ವಲ್ಪ ಜೊತೆಗೇ ಬಂದುಬಿಡುತ್ತದೆ, ಎಷ್ಟೇ ನುರಿತ ಕೈ ಇರಲಿ. ರಕ್ತ ನಿಲ್ಲಿಸೋಕೆ ಸುಡುವಾಗ ಇನ್ನಷ್ಟು ಹೋಗುತ್ತದೆ. ಮುಂದಿನ ವರ್ಷಗಳಿಗೆಂದು ಮಲಗಿರುವ ಮೂಲ ಫಾಲಿಕಲ್‌ಗಳು ಇರೋದೇ ಆ ಹೊರಪದರದಲ್ಲಿ. ಎಡಗಡೆ ಒಂದೇ ಫಾಲಿಕಲ್ ಕಂಡದ್ದು ಅದಕ್ಕೇ. ಎಂಡೋಮೆಟ್ರಿಯೋಸಿಸ್ ತಾನೂ ಒಂದಿಷ್ಟು ಹಾಳು ಮಾಡಿರಬಹುದು. ಹೆಣ್ಣುಮಗು ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷ ಮೊಟ್ಟೆ ಇರುತ್ತವೆ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಅಲ್ಲಿಂದ ಮುಂದೆ ಇಳಿಯೋದೇ. ಎಕ್ಸೋಸೋಮ್ ಸಾಯುತ್ತಿರುವ ಜೀವಕೋಶವನ್ನು ಉಳಿಸಬಹುದು ಅನ್ನೋದು ಇಲಿಯ ಪಾಠ. ಇಲ್ಲದ ಫಾಲಿಕಲ್ ಅನ್ನು ಹುಟ್ಟಿಸುತ್ತದೆ ಅಂತ ಯಾವ ಇಲಿಯೂ ತೋರಿಸಿಲ್ಲ. ಮಳೆಗೆ ಮೇಲ್ಮಣ್ಣೆಲ್ಲ ಕೊಚ್ಚಿಹೋದ ಗದ್ದೆಗೆ ಯೂರಿಯಾ ಹಾಕಿದ ಹಾಗೆ ಇದು. ನಾಲ್ಕು ವರ್ಷದ ಹಿಂದೆ ಕತ್ತರಿಸಿ ಹೋದದ್ದನ್ನು ಈಗ ಯಾವ ಬಾಟಲಿ ಕಾಪಾಡಬೇಕು?

ಆಕೆ ಬಿಡಲಿಲ್ಲ. "ಆಯ್ತು ಮೇಡಂ, ಸಂಖ್ಯೆ ಬಿಡಿ. ಇರೋ ಮೊಟ್ಟೆಯ ಕ್ವಾಲಿಟಿ ಆದ್ರೂ ಜಾಸ್ತಿ ಆಗಲ್ವಾ?" ಅಂದರು.

ಇದಕ್ಕೆ ಉತ್ತರ ಸ್ವಲ್ಪ ಕಷ್ಟ. 35 ದಾಟಿದ ಮೊಟ್ಟೆಯ ಮುಖ್ಯ ತೊಂದರೆ ಕ್ರೋಮೋಸೋಮ್ ಲೆಕ್ಕ ತಪ್ಪೋದು. ಕ್ರೋಮೋಸೋಮ್‌ಗಳನ್ನು ಜೋಡಿಯಾಗಿ ಹಿಡಿದಿಡುವ ಕೊಹೆಸಿನ್ ಅನ್ನುವ ಪ್ರೋಟೀನ್ ಇದೆ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದು ಕೂತಿರುತ್ತದೆ. ಆಮೇಲೆ ಹೊಸದು ಬಂದು ಸೇರುವುದಿಲ್ಲ ಅಂತ ಇಲಿಯ ಪ್ರಯೋಗಗಳೇ ಹೇಳುತ್ತವೆ. ವಯಸ್ಸಾದ ಹಾಗೆ ಹಿಡಿತ ಸಡಿಲವಾಗುತ್ತದೆ. ಹೊಕ್ಕುಳಬಳ್ಳಿಯ ಗುಳ್ಳೆಗಳು ಹೋಗಿ ಅದನ್ನು ಮತ್ತೆ ಬಿಗಿ ಮಾಡುತ್ತವೆ ಅನ್ನೋಕೆ ಆಧಾರವಿಲ್ಲ. ಇನ್ನೊಂದು ಅಳುಕೂ ಇದೆ. ವಯಸ್ಸಾದ ಇಲಿಗಳಲ್ಲಿ ಎಕ್ಸೋಸೋಮ್‌ಗಳು ಮಲಗಿರುವ ಫಾಲಿಕಲ್‌ಗಳನ್ನು ಎಬ್ಬಿಸುತ್ತವೆ ಅಂತ ಒಂದು ಅಧ್ಯಯನ ತೋರಿಸಿತು. ಕೇಳೋಕೆ ಖುಷಿ. ಆದರೆ ಇರುವ ಕೆಲವೇ ಫಾಲಿಕಲ್‌ಗಳನ್ನು ಒಟ್ಟಿಗೆ ಎಬ್ಬಿಸಿಬಿಟ್ಟರೆ ಮುಂದಿನ ವರ್ಷಕ್ಕೇನು? 0.7 ಇರುವವರ ವಿಷಯದಲ್ಲಿ ಇದು ಸಣ್ಣ ಪ್ರಶ್ನೆ ಅಲ್ಲ.

ಆ ಬಾಟಲಿಯ ಬಗ್ಗೆ ಆಕೆಯೇ ಆ ಕ್ಲಿನಿಕ್‌ಗೆ ವಾಟ್ಸಾಪ್‌ನಲ್ಲಿ ಕೇಳಲಿ ಅಂತ ಹೇಳಿದೆವು. ಎಕ್ಸೋಸೋಮ್ ಎಲ್ಲಿ ತಯಾರಾಯಿತು, ಸೋಂಕಿನ ಪರೀಕ್ಷೆ ಯಾರು ಮಾಡಿದರು? ಒಳಗೆ ಏನಿದೆ ಅಂತ ಪ್ರತಿ ಬ್ಯಾಚಿಗೂ ನೋಡಿದ್ದಾರಾ? ಇದು ಚಿಕಿತ್ಸೆಯೋ ಪ್ರಯೋಗವೋ? ಪ್ರಯೋಗವಾದರೆ ಸಿಟಿಆರ್‌ಐ ನೋಂದಣಿ ನಂಬರ್ ಕೊಡಿ. ಸಿಟಿಆರ್‌ಐ ಅಂದರೆ ನಮ್ಮ ದೇಶದ ಕ್ಲಿನಿಕಲ್ ಟ್ರಯಲ್‌ಗಳ ಸರ್ಕಾರಿ ಪಟ್ಟಿ. ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹುಡುಕಿ ನೋಡಬಹುದು.

ಈ ಪ್ರಶ್ನೆಗಳು ಸುಮ್ನೆ ಕೇಳಿದ್ದಲ್ಲ. ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ, ಸ್ಟೆಮ್ ಸೆಲ್ ಬಳಸೋದೆಲ್ಲ ಪ್ರಯೋಗವೇ, ಅದನ್ನು ಟ್ರಯಲ್‌ನಲ್ಲೇ ಮಾಡಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಅದರಿಂದ ತೆಗೆದ ಗುಳ್ಳೆಗೆ ಇದಕ್ಕಿಂತ ಸಡಿಲ ನಿಯಮ ಯಾಕಿರಬೇಕು ಅಂತ ನನ್ನ ವಾದ. ಪ್ರಯೋಗದಲ್ಲಿ ಭಾಗವಹಿಸುವವರಿಂದ ದುಡ್ಡು ಕೀಳಬಾರದು ಅನ್ನೋದು ಸಂಶೋಧನೆಯ ನೀತಿ. ಅಮೆರಿಕದಲ್ಲಿ 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ನೆಬ್ರಾಸ್ಕಾ ರಾಜ್ಯದಲ್ಲಿ ಎಕ್ಸೋಸೋಮ್ ಅಂತ ಮಾರಿದ ಉತ್ಪನ್ನ ಹಾಕಿಸಿಕೊಂಡ ಹಲವರಿಗೆ ಗಂಭೀರ ತೊಂದರೆಯಾಗಿತ್ತು. ಎಫ್‌ಡಿಎ ಒಪ್ಪಿಗೆ ಪಡೆದ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲ ಅಂತ ಆಗಲೇ ಹೇಳಿತ್ತು.

ಬಾಟಲಿಯ ಮೇಲೆ 'ಇಷ್ಟು ಬಿಲಿಯನ್ ಕಣಗಳು' ಅಂತ ಬರೆದಿರುತ್ತಾರಲ್ಲ, ಅದಕ್ಕೂ ಮರುಳಾಗಬೇಕಿಲ್ಲ. ಈ ಗುಳ್ಳೆಗಳನ್ನು ಶುದ್ಧವಾಗಿ ಬೇರ್ಪಡಿಸೋದು ಸಂಶೋಧನಾ ಲ್ಯಾಬುಗಳಿಗೇ ತಲೆನೋವು. ಅದೇ ಗಾತ್ರದ ಕೊಬ್ಬಿನ ಕಣ, ಪ್ರೋಟೀನ್ ಮುದ್ದೆ ಎಲ್ಲ ಜೊತೆಗೆ ಬರುತ್ತವೆ. ಎಣಿಸುವ ಯಂತ್ರಕ್ಕೆ ಯಾವುದು ಏನು ಅಂತ ಗೊತ್ತಾಗಲ್ಲ. ಎಲ್ಲಿ ಹುಟ್ಟಿದ್ದು ಅಂತ ಖಚಿತವಾಗಿ ಹೇಳೋಕಾಗದಿದ್ದರೆ 'ಎಕ್ಸೋಸೋಮ್' ಅನ್ನಬೇಡಿ ಅಂತ ಈ ಕ್ಷೇತ್ರದ ವಿಜ್ಞಾನಿಗಳೇ ತಮ್ಮ ತಮ್ಮೊಳಗೆ ನಿಯಮ ಮಾಡಿಕೊಂಡಿದ್ದಾರೆ.

ಕ್ಲಿನಿಕ್‌ನಿಂದ ಉತ್ತರ ಬಂತು. 'ಇದು ಇಂಟರ್‌ನ್ಯಾಷನಲ್ ಕ್ವಾಲಿಟಿ ಪ್ರಾಡಕ್ಟ್. ಈ ತಿಂಗಳೊಳಗೆ ಬುಕ್ ಮಾಡಿದರೆ ರಿಯಾಯಿತಿ ಇದೆ.' ನಂಬರ್ ಇರಲಿಲ್ಲ. ಗಂಡ ಅದನ್ನು ಓದಿ ನಕ್ಕುಬಿಟ್ಟರು. ಅವರ ಮನೆಯಲ್ಲಿ ನಿರ್ಧಾರ ಆಗಿದ್ದು ನಮ್ಮ ವಿವರಣೆಯಿಂದಲೋ ಆ ರಿಯಾಯಿತಿಯಿಂದಲೋ ಗೊತ್ತಿಲ್ಲ. ನನಗನಿಸೋದು ಎರಡನೆಯದೇ.

'ಹಾಗಾದ್ರೆ ಪಿಆರ್‌ಪಿ?' ಅಂತ ಅತ್ತೆ ಕೇಳಿಸಿದರು. ಅದೂ ಇದೇ ದಾರಿಯಲ್ಲಿ ನಡೆದು ಬಂದದ್ದು. ತಮ್ಮದೇ ರಕ್ತದ ಪ್ಲೇಟ್‌ಲೆಟ್ ತೆಗೆದು ಅಂಡಾಶಯಕ್ಕೆ ಹಾಕೋದು. ಮೊದಲು ಬಂದ ವರದಿಗಳಲ್ಲಿ ಹೋಲಿಸೋಕೆ ಇನ್ನೊಂದು ಗುಂಪೇ ಇರಲಿಲ್ಲ, ಎಎಂಎಚ್ ಏರಿತು ಅಂತ ಬರೆದರು. ಆಮೇಲೆ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಅಮೆರಿಕದಲ್ಲಿ ನೋಡಿದಾಗ ಸಿಕ್ಕ ಮೊಟ್ಟೆಗಳಲ್ಲಿ ಹೆಚ್ಚಳ ಕಾಣಲಿಲ್ಲ. ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಇಎಸ್‌ಎಚ್‌ಆರ್‌ಇ ಸಂಸ್ಥೆ 2023ರಲ್ಲಿ ಇದನ್ನು ಮಾಮೂಲಿಯಾಗಿ ಬಳಸಬೇಡಿ ಅಂದಿತು. ನನಗೆ ಗೊತ್ತಿರುವ ಮಟ್ಟಿಗೆ ಎಕ್ಸೋಸೋಮ್ ಇನ್ನೂ ಆ ಪರೀಕ್ಷೆಗೇ ಕೂತಿಲ್ಲ.

ನಾವು ಮಾಡಿದ್ದು ಹೊಸದೇನೂ ಅಲ್ಲ. ಎಎಂಎಚ್ ಮೊಟ್ಟೆಯ ಸಂಖ್ಯೆಯ ಅಂದಾಜು ಕೊಡುತ್ತದೆ ಅಷ್ಟೇ, ಗುಣಮಟ್ಟ ಹೇಳೋದು ಹೆಚ್ಚಾಗಿ ವಯಸ್ಸು. 35 ಅಂದರೆ ಇನ್ನೂ ಕೈ ಚೆಲ್ಲುವ ವಯಸ್ಸಲ್ಲ. ಹಾಗಾಗಿ ಬಾಟಲಿಗೆ ಹೋಗಬೇಕಿದ್ದ ದುಡ್ಡನ್ನು ಇನ್ನೊಂದು ಪಿಕಪ್‌ಗೆ ಹಾಕೋಣ, ಎರಡು ಸಲ ಮೊಟ್ಟೆ ತೆಗೆದು ಭ್ರೂಣಗಳನ್ನು ಕೂಡಿಟ್ಟು ಫ್ರೀಜ್ ಮಾಡೋಣ ಅಂತ ಡಾಕ್ಟರು ಹೇಳಿದರು. ಸಿಸ್ಟ್ ಮತ್ತೆ ಬಂದಿದೆಯಾ ನೋಡಿದರು, ಬಂದಿರಲಿಲ್ಲ. ಡೋನರ್ ಎಗ್ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಮಾತಾಡಿದೆವು. 2021ರ ಎಆರ್‌ಟಿ ಕಾಯಿದೆ (ಐವಿಎಫ್‌ನಂಥ ಚಿಕಿತ್ಸೆಗಳ ಕಾನೂನು) ಪ್ರಕಾರ ಮೊಟ್ಟೆ ದಾನಿಗೆ 23ರಿಂದ 35 ವರ್ಷ ಇರಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಜಾಸ್ತಿ ಮೊಟ್ಟೆ ತೆಗೆಯುವಂತಿಲ್ಲ. ಅದು ಕೊನೆಯ ದಾರಿಯಾಗಿ ಇರಲಿ ಅಂತ ಇಬ್ಬರೂ ಒಪ್ಪಿದರು.

ಮೊದಲ ಪಿಕಪ್‌ನಲ್ಲಿ ಎರಡೇ ಮೊಟ್ಟೆ. ಒಂದೂ ಐದನೇ ದಿನದವರೆಗೆ ಬರಲಿಲ್ಲ. ಆಕೆ ಫೋನಿನಲ್ಲಿ ಮಾತೇ ಆಡಲಿಲ್ಲ. ಮೂರು ತಿಂಗಳಾದ ಮೇಲೆ ಎರಡನೆಯದು. ಅದೇ ಇಂಜೆಕ್ಷನ್, ಹೆಚ್ಚುಕಡಿಮೆ ಅದೇ ಡೋಸ್. ಐದು ಮೊಟ್ಟೆ ಸಿಕ್ಕವು, ನಾಲ್ಕು ಪಕ್ವ, ಎರಡು ಒಳ್ಳೆಯ ಬ್ಲಾಸ್ಟೋಸಿಸ್ಟ್ (ಐದನೇ ದಿನದವರೆಗೆ ಬೆಳೆದ ಭ್ರೂಣ). ಮೊದಲು ಹಾಕಿದ್ದು ನಿಲ್ಲಲಿಲ್ಲ. ಎರಡನೆಯದು ನಿಂತಿದೆ. ಈಗ ನಾಲ್ಕನೇ ತಿಂಗಳು, ಸ್ಕ್ಯಾನ್‌ಗಳು ಸರಿ ಇವೆ.

ಒಂದರಿಂದ ಇನ್ನೊಂದು ಸೈಕಲ್‌ಗೆ ಇಷ್ಟು ಏರುಪೇರು ಇರೋದು ಮಾಮೂಲು. ಆ ತಿಂಗಳು ಎಷ್ಟು ಫಾಲಿಕಲ್ ಸಾಲಿಗೆ ನಿಂತವು ಅನ್ನೋದರ ಮೇಲೆ ಹೋಗುತ್ತದೆ. ಎಎಂಎಚ್ ಕೂಡ ತಿಂಗಳಿಂದ ತಿಂಗಳಿಗೆ, ಲ್ಯಾಬಿನಿಂದ ಲ್ಯಾಬಿಗೆ ಕದಲುತ್ತದೆ. ಇನ್ನೊಂದು ಲೆಕ್ಕ ಇದೆ. ಸಣ್ಣ ಫಾಲಿಕಲ್ ಒಂದು ಬೆಳೆದು ಮೊಟ್ಟೆ ಬಿಡುವ ಹಂತಕ್ಕೆ ಬರೋಕೆ ಸುಮಾರು ಮೂರು ತಿಂಗಳು ಬೇಕು, ಮಲಗಿರುವ ಫಾಲಿಕಲ್‌ಗೆ ಅದಕ್ಕಿಂತ ತುಂಬಾ ಜಾಸ್ತಿ. ಹಾಗಿರುವಾಗ 'ಒಂದೇ ತಿಂಗಳಲ್ಲಿ ರಿಸಲ್ಟ್' ಅಂತ ಬ್ರೋಷರ್ ಹೇಳಿದ್ದು ಎಕ್ಸೋಸೋಮ್ ಬಿಡಿ, ಅಂಡಾಶಯದ ಲೆಕ್ಕಕ್ಕೇ ಹೊಂದಲ್ಲ.

ಮೊನ್ನೆ ಸ್ಕ್ಯಾನ್‌ಗೆ ಬಂದಾಗ ಗಂಡ ಮೆಲ್ಲಗೆ ಕೇಳಿದರು. "ಮೇಡಂ, ಅದನ್ನೂ ಹಾಕಿಸಿದ್ರೆ ಇನ್ನೂ ಬೇಗ ಆಗ್ತಿತ್ತೇನೋ, ಅಲ್ವಾ?" ಆಕೆಯೇ ಉತ್ತರ ಕೊಟ್ಟರು. "ಮಧ್ಯದಲ್ಲಿ ಹಾಕಿಸಿದ್ರೆ ಎರಡು ಮೊಟ್ಟೆ ಐದಾಗಿದ್ದು ಅದ್ರಿಂದಲೇ ಅಂತ ನಾವೇ ಊರೆಲ್ಲ ಹೇಳ್ಕೊಂಡು ಬರ್ತಿದ್ವಿ. ನನ್ನ ಫೋಟೋ ಅವ್ರ ಬ್ರೋಷರಲ್ಲಿ ಇರ್ತಿತ್ತು."

ನಾನು ಇದಕ್ಕೆ ಸೇರಿಸೋದು ಇಷ್ಟೇ. ಇದೇ ವಯಸ್ಸಿನ, ಇಷ್ಟೇ ಎಎಂಎಚ್ ಇರುವ ಹೆಂಗಸರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಎಕ್ಸೋಸೋಮ್, ಇನ್ನೊಂದಕ್ಕೆ ಬರೀ ಉಪ್ಪುನೀರು, ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಬಾರದು. ಎಎಂಎಚ್ ಅಲ್ಲ, ಹುಟ್ಟಿದ ಮಕ್ಕಳನ್ನು ಎಣಿಸಬೇಕು. ಆ ಮಕ್ಕಳನ್ನು ಕೆಲವು ವರ್ಷ ನೋಡಬೇಕು. ಅಂಥದ್ದೊಂದು ಅಧ್ಯಯನ ಚೆನ್ನಾಗಿ ಬಂದರೆ ಬ್ರೋಷರ್ ಹಿಡಿದು ಬರುವ ಮುಂದಿನವರಿಗೆ ನಾನು ಬೇರೆ ಉತ್ತರ ಕೊಡುತ್ತೇನೆ.